ಕೈಕೂಲಿ ಲೆಕ್ಕ ಇಲ್ಲದ ಪುಸ್ತಕ ಎಷ್ಟು ಓದಿದ್ರೇನು?

ಎರಡು ಮೂರು ವರ್ಷದಿಂದ ನಮ್ಮ ಹೆಣ್ಮಕ್ಕಳು ಕೇಳೋ ಪ್ರಶ್ನಿ ಬದಲಾಗೈತಿ. ಮೊದಲು ಫೋನ್ ಮಾಡಿದ್ರ "ಅಕ್ಕಾ, ಗುರೆಳ್ಳು ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕ್ಲಿ?" ಅಂತಿದ್ರು. ಈಗ "ಅಕ್ಕಾ, ಮನ್ಯಾಗ ಕುಂತು ಏನರ ಬಿಸಿನೆಸ್ ಮಾಡಬೇಕು ಅಂತ ಐತಿ, ಯಾವ ಪುಸ್ತಕ ಓದ್ಲಿ?" ಅಂತಾರ. ಹೊಸಪೇಟ್ಯಾಗ ಕೇಳ್ತಾರ, ಕಂಪ್ಲಿಯಿಂದ ಕೇಳ್ತಾರ, ಸಂಡೂರಿಗೆ ಕೊಟ್ಟ ನಮ್ಮ ಹುಡುಗ್ಯಾರೂ ಕೇಳ್ತಾರ. ಒಬ್ಬಾಕಿ ರೊಟ್ಟಿ ಮಾಡಿ ಮಾರ್ತಾಳ, ಒಬ್ಬಾಕಿ ಸೀರಿಗೆ ಕುಚ್ಚು ಹಾಕ್ತಾಳ, ಒಬ್ಬಾಕಿ ಬ್ಲೌಸ್ ಹೊಲಿತಾಳ, ಒಬ್ಬಾಕಿ ಶೇಂಗಾ ಹೋಳಿಗಿ ಆರ್ಡರ್ ತಗೋತಾಳ. 2023ರಿಂದ ಗೃಹಲಕ್ಷ್ಮಿ ಎರಡು ಸಾವಿರ ಕೈಗೆ ಬರಾಕ ಹತ್ತಿದ ಮ್ಯಾಲ "ಈ ರೊಕ್ಕ ಸುಮ್ನ ಖರ್ಚಾಗಬಾರದು" ಅನ್ನೋ ವಿಚಾರ ಭಾಳ ಮಂದಿಗೆ ಬಂದೈತಿ. ಇದು ಚಲೋ ಮಾತು.

ಆದ್ರ ಪುಸ್ತಕದ ಪಟ್ಟಿ ಕೊಡೋಕಿಂತ ಮೊದಲು ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ವ್ಯಾಪಾರದ ಪುಸ್ತಕ, ಮಾರ್ಕೆಟಿಂಗ್ ಪುಸ್ತಕ, ಜೀವನದಾಗ ಮುಂದ ಬರೋದು ಹೆಂಗ ಅನ್ನೋ ಪುಸ್ತಕ, ಎಲ್ಲಾ ಓದ್ರಿ. ಓದುವಾಗ ಒಂದೇ ಪ್ರಶ್ನಿ ಇಟ್ಕೊಳ್ರಿ: ಈ ಪುಸ್ತಕ ನನ್ನ ಕೈಕೂಲಿನ ಲೆಕ್ಕಕ್ಕ ಹಿಡಿತೈತೋ ಇಲ್ಲೋ? ಹಿಡಿಯೋ ಪುಸ್ತಕ ನಮಗ ಉಪಯೋಗಕ್ಕ ಬರ್ತೈತಿ. ಹಿಡಿಯದೇ ಇರೋದು ಓದಾಕ ಚಂದ ಇರಬಹುದು, ಆದ್ರ ಅದನ್ನ ನಂಬಿ ಸಂಘದಾಗ ಸಾಲ ಎತ್ತಬ್ಯಾಡ್ರಿ.

ಮೊದಲನೇ ಪುಸ್ತಕ ನಾವೇ ಬರಿಯೋದು

ನಾನು ಎಲ್ಲಾರಿಗೂ ಹೇಳೋ ಮೊದಲನೇ ಪುಸ್ತಕ ಅಂಗಡ್ಯಾಗ ಸಿಗೋ ಇನ್ನೂರು ಪುಟದ ಗೆರಿ ನೋಟ್‌ಬುಕ್ಕು. ನಗಬ್ಯಾಡ್ರಿ. ಕಿರಾಣಿ ಅಂಗಡಿಯವರ ಹತ್ರ ಉದ್ದರಿ ಪುಸ್ತಕ ಇರತೈತಿ, ಹಾಲಿನವನ ಹತ್ರ ಇರತೈತಿ. ದಿನಾ ನೂರು ರೊಟ್ಟಿ ಬಡಿಯೋ ನಮ್ಮ ಹತ್ರ ಮಾತ್ರ ಇರೋದಿಲ್ಲ.

ಒಂದು ಲೆಕ್ಕ ಹಾಕೋಣ ಬರ್ರಿ. ದರ ನಿಮ್ಮ ಊರಾಗ ಸ್ವಲ್ಪ ಹೆಚ್ಚು ಕಮ್ಮಿ ಇರಬಹುದು, ಲೆಕ್ಕದ ದಾರಿ ಇದೇ. ತೆಳ್ಳಗ ಬಡಿದ್ರ ಒಂದು ಕೆಜಿ ಹಿಟ್ಟಿಗೆ 25 ಖಡಕ್ ರೊಟ್ಟಿ ಅಂತ ಹಿಡಿಯೋಣ. ನೂರು ರೊಟ್ಟಿಗೆ 4 ಕೆಜಿ ಜೋಳ. ಕೆಜಿಗೆ 50ರಂತೆ 200 ರೂಪಾಯಿ. ಗಿರಣಿಗೆ 20. ಗ್ಯಾಸಿಗೆ 60. ಕವರು, ಆಟೋ ಎಲ್ಲಾ ಸೇರಿ 40. ಒಟ್ಟು 320 ರೂಪಾಯಿ ಖರ್ಚು. ಅಂಗಡಿಯವರು ಒಂದಕ್ಕ 6 ರೂಪಾಯಿದಂಗ ತಗೊಂಡ್ರ 600 ಬಂತು. "ಅಕ್ಕಾ, 280 ಲಾಭ!" ಅಂತಾರ ನಮ್ಮವರು, ಖುಷಿಯಿಂದ.

ಲಾಭ ಎಲ್ಲೈತ್ರಿ? ಬಡಿಯಾಕ, ಬೇಯಿಸಾಕ ಐದು ತಾಸು. ಗಿರಣಿಗೆ ಹೋಗಿ ಬರಾಕ, ಕಟ್ಟಾಕ, ಕೊಟ್ಟು ಬರಾಕ ಎರಡು ತಾಸು. ಏಳು ತಾಸಿಗೆ 280 ಅಂದ್ರ ತಾಸಿಗೆ 40 ರೂಪಾಯಿ. 2025-26ರಾಗ ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ಅಂದ್ರ ಒಲಿ ಮುಂದ ಬೆವರು ಸುರಿಸಿ ರೊಟ್ಟಿ ಬಡಿದಾಕಿಗೆ ಕೆರಿ ಹೂಳು ಎತ್ತಿದಾಕಿಗಿಂತ 90 ರೂಪಾಯಿ ಕಮ್ಮಿ ಸಿಕ್ತು. ಅದು ಲಾಭ ಆಗೋದು ದೂರ ಉಳೀತು, ಪೂರ್ತಿ ಕೂಲಿನೂ ಆಗಲಿಲ್ಲ.

ಸರಿ ಲೆಕ್ಕ ಹಿಂಗ: ಖರ್ಚು 320, ನಿಮ್ಮ ಕೂಲಿ 370, ಎರಡೂ ಕೂಡಿಸಿ 690. ರೊಟ್ಟಿ 7 ರೂಪಾಯಿಗೆ ಮಾರಿದ್ರ ಬರೇ ಕೂಲಿ ಹುಟ್ಟಿತು. 8ಕ್ಕ ಮಾರಿದ್ರ ನೂರಾ ಹತ್ತು ಉಳೀತು. ಆ 110 ಐತಲ್ಲ, ಅದಕ್ಕ ಲಾಭ ಅನ್ನಬೇಕು. ನಾಳೆ ಹಂಚು ಒಡೆದ್ರ, ಜೋಳದ ದರ ಏರಿದ್ರ, ಜ್ವರ ಬಂದು ನಾಕು ದಿನ ಮಲಗಿದ್ರ ಕೈ ಹಿಡಿಯೋದು ಅದು.

"8 ಅಂದ್ರ ಯಾರು ತಗೋತಾರ ಅಕ್ಕಾ, ಪಕ್ಕದ ಓಣ್ಯಾಕಿ 6ಕ್ಕ ಕೊಡ್ತಾಳ" ಅಂತ ನೀವು ಕೇಳ್ತೀರಿ. ಖರೇನ. ಪಕ್ಕದ ಓಣ್ಯಾಕಿ 6ಕ್ಕ ಯಾಕ ಕೊಡ್ತಾಳ? ಆಕೀನೂ ತನ್ನ ಕೂಲಿ ಬರಕೊಂಡಿಲ್ಲ. ಇಬ್ರೂ ಒಬ್ರಿಗೊಬ್ರು ದರ ಇಳಿಸ್ತಾ ಹೋದ್ರ ಉಳಿಯೋದು ಅಂಗಡಿಯವನಿಗೆ. ಅದಕ್ಕ ಈ ನೋಟ್‌ಬುಕ್ಕು ಒಬ್ಬಾಕಿ ಹತ್ರ ಇದ್ರ ಸಾಲದು, ಓಣ್ಯಾಗ ಎಲ್ಲಾರ ಹತ್ರ ಇರಬೇಕು.

ಹೊರಗಿನ ಪುಸ್ತಕ: ಏನು ತಗೋಬೇಕು, ಏನು ಬಿಡಬೇಕು

ಮಕ್ಕಳು ಕಾಲೇಜಿನಿಂದ ತರೋ ಪುಸ್ತಕದಾಗ ಎರಡು ಮೂರು ಎಲ್ಲಾ ಮನ್ಯಾಗೂ ಕಾಣ್ತಾವ. ಒಂದು 'ರಿಚ್ ಡ್ಯಾಡ್ ಪೂರ್ ಡ್ಯಾಡ್'. ರಾಬರ್ಟ್ ಕಿಯೋಸಾಕಿ ಅನ್ನೋ ಅಮೆರಿಕಾದವರು ಬರದದ್ದು, 1997ರಾಗ ಬಂತು. ಅದರಾಗ ಹಿಡಕೊಳ್ಳೋ ಮಾತು ಒಂದೈತಿ: ನಿಮ್ಮ ಕಿಸೆಗೆ ರೊಕ್ಕ ತರೋದು ಆಸ್ತಿ, ಕಿಸೆಯಿಂದ ರೊಕ್ಕ ಒಯ್ಯೋದು ಹೊರಿ. ಹೊಲಿಗಿ ಮಷೀನು ದಿನಾ ಓಡಿದ್ರ ಆಸ್ತಿ. ಅದೇ ಮಷೀನು ಕಂತಿನ ಮ್ಯಾಲ ತಂದು ಅದರ ಮ್ಯಾಲ ಬಟ್ಟಿ ಮಡಚಿ ಇಟ್ರ ಹೊರಿ. ಈ ಮಾತು ತಗೊಳ್ರಿ. ಸಾಲ ಮಾಡಿ ಮನಿ ಕೊಂಡು ಬಾಡಗಿಗೆ ಕೊಡೋ ಮಾತೆಲ್ಲಾ ಅವರ ದೇಶಕ್ಕ, ಅವರ ಬ್ಯಾಂಕಿಗೆ ಇರ್ಲಿ. ವಾರಾ ವಾರಾ ಸಂಘದ ಕಂತು ಕಟ್ಟೋ ನಮಗ ಆ ಧೈರ್ಯ ಬ್ಯಾಡ.

ಇನ್ನೊಂದು 'ಅಟಾಮಿಕ್ ಹ್ಯಾಬಿಟ್ಸ್'. ಜೇಮ್ಸ್ ಕ್ಲಿಯರ್ ಬರದದ್ದು, 2018ರದ್ದು. ದೊಡ್ಡ ಪಣ ತೊಡಬ್ಯಾಡ್ರಿ, ಸಣ್ಣ ಅಭ್ಯಾಸ ಹಿಡೀರಿ, ಈಗಾಗಲೇ ಮಾಡೋ ಕೆಲಸದ ಬಾಲಕ್ಕ ಹೊಸಾ ಕೆಲಸ ಕಟ್ರಿ ಅಂತ ಅವರು ಹೇಳ್ತಾರ. ಇದು ನಮಗ ಭಾಳ ಹೊಂದತೈತಿ. ಸಂಜಿ ದೀಪ ಹಚ್ಚೋದು ನಾವ್ಯಾರೂ ಮರಿಯಂಗಿಲ್ಲ. ದೀಪ ಹಚ್ಚಿದ ಕೂಡ್ಲೇ ನೋಟ್‌ಬುಕ್ಕಿನಾಗ ಎರಡು ಸಾಲು ಬರೀರಿ: ಇವತ್ತು ಎಷ್ಟು ಖರ್ಚು, ಎಷ್ಟು ತಾಸು. ದೀಪದ ಜೋಡಿ ಲೆಕ್ಕನೂ ನಡೀತೈತಿ.

ಇವೆಲ್ಲಾ ಓದಿದ ಮ್ಯಾಲ ನನಗ ಒಂದು ಕೊರತಿ ಕಾಣತೈತಿ. ಈ ಪುಸ್ತಕದಾಗ ಬರೋ ಗೆದ್ದ ಮನುಷ್ಯಾ ಬೆಳಿಗ್ಗೆ ಐದಕ್ಕ ಏಳ್ತಾನ, ವ್ಯಾಯಾಮ ಮಾಡ್ತಾನ, ಓದ್ತಾನ, ದಿನದ ಕೆಲಸ ಬರಕೋತಾನ. ಚಹಾ ಯಾರು ಮಾಡಿದ್ರು? ಡಬ್ಬಿ ಯಾರು ಕಟ್ಟಿದ್ರು? ಬರಿಯಂಗಿಲ್ಲ. ನಾವೂ ಐದಕ್ಕ ಏಳ್ತೀವಿ, ನಮ್ಮ ಮ್ಯಾಲ ಯಾರೂ ಪುಸ್ತಕ ಬರದಿಲ್ಲ!

ಬಿ.ಕಾಂ. ಓದೋ ನಮ್ಮ ಮನಿ ಹುಡುಗಿ ಇದಕ್ಕೊಂದು ಚಲೋ ಪುಸ್ತಕದ ಹೆಸರು ಹೇಳಿದ್ಲು. ಅರ್ಥಶಾಸ್ತ್ರಕ್ಕ ಮೂಲ ಪುರುಷ ಅಂತ ಕರಿಯೋ ಆಡಂ ಸ್ಮಿತ್ 1776ರಾಗ ದೊಡ್ಡ ಗ್ರಂಥ ಬರದ್ರು. ನಮ್ಮ ಊಟ ಬರೋದು ಮಾಂಸದ ಅಂಗಡಿಯವ, ಬೇಕರಿಯವ ತಮ್ಮ ತಮ್ಮ ಲಾಭಕ್ಕ ದುಡಿಯೋದರಿಂದ ಅಂತ ಅದರಾಗ ವಾದ ಮಾಡಿದ್ರು. ಆ ಪುಣ್ಯಾತ್ಮ ಮದುವಿ ಆಗಿರಲಿಲ್ಲ, ಮನ್ಯಾಗ ತಾಯಿ ಇದ್ದಳು. ಸ್ವೀಡನ್ ದೇಶದ ಕತ್ರೀನ್ ಮಾರ್ಸಾಲ್ ಅನ್ನೋ ಹೆಣ್ಮಗಳು ಕೇಳ್ತಾಳ: ಹಂಗಾದ್ರ ಆಡಂ ಸ್ಮಿತ್ ಅವರ ರಾತ್ರಿ ಊಟ ಮಾಡಿ ಹಾಕಿದ್ದು ಯಾರು? ಆ ಪ್ರಶ್ನಿನೇ ಆಕಿ ಪುಸ್ತಕದ ಹೆಸರು. ಇನ್ನೂರೈವತ್ತು ವರ್ಷದಿಂದ ಬಿಟ್ಟು ಹೋದ ಲೆಕ್ಕ ಅದು. ನಮ್ಮ ರೊಟ್ಟಿ ಲೆಕ್ಕದಾಗ ಬಿಟ್ಟು ಹೋಗೋದೂ ಅದೇ.

ನಮ್ಮ ಕನ್ನಡದಾಗ ಏನೈತಿ

ಇಂಗ್ಲಿಷ್ ಬರಂಗಿಲ್ಲ ಅಂತ ಯಾರೂ ಸಣ್ಣ ಮುಖ ಮಾಡಬ್ಯಾಡ್ರಿ. ಕನ್ನಡದಾಗ ಬೇಕಾದಷ್ಟೈತಿ.

ಮನಸ್ಸು ಗಟ್ಟಿ ಮಾಡ್ಕೊಳ್ಳಾಕ 'ಬದುಕಲು ಕಲಿಯಿರಿ'. ರಾಮಕೃಷ್ಣ ಆಶ್ರಮದ ಸ್ವಾಮಿ ಜಗದಾತ್ಮಾನಂದರು ಬರದದ್ದು. ನಮ್ಮ ತಲೆಮಾರಿನಾಗ ಶಾಲಿ ಬಹುಮಾನಕ್ಕ, ಮದುವಿ ಉಡುಗೊರಿಗೆ ಕೊಟ್ಟ ಪುಸ್ತಕ ಇದು. ಸಣ್ಣ ಸಣ್ಣ ಪ್ರಸಂಗ ಹೇಳ್ತಾ, ಅಂಜಿಕಿ ಬಿಡೋದು, ಮನಸ್ಸು ಒಂದು ಕಡೆ ನಿಲ್ಲಿಸೋದು, ಮಾಡೋ ಕೆಲಸ ಶ್ರದ್ಧಾದಿಂದ ಮಾಡೋದು ಹೆಂಗ ಅಂತ ತಿಳಿಸ್ತೈತಿ. ಒಂದೇ ಸಲ ಓದಿ ಮುಗಿಸೋದಲ್ಲ, ದಿನಾ ಎರಡು ಪುಟ ಓದೋದು. ನಮ್ಮ ಕಡೆ ತೆಲುಗು ಮನ್ಯಾಗ ಯಂಡಮೂರಿ ವೀರೇಂದ್ರನಾಥರ 'ವಿಜಯಕ್ಕೆ ಐದು ಮೆಟ್ಟಿಲು' ಓದ್ತಾರ, ಅದು ಕನ್ನಡಕ್ಕೂ ಬಂದೈತಿ. ಹರೇದ ಹುಡುಗರಿಗೆ ಅದು ಹಿಡಸ್ತೈತಿ.

ಗಿರಾಕಿ ಮನಸ್ಸು ತಿಳಕೊಳ್ಳಾಕ ಸುಧಾ ಮೂರ್ತಿಯವರ 'ಸಾಮಾನ್ಯರಲ್ಲಿ ಅಸಾಮಾನ್ಯರು' ಓದ್ರಿ. ಅದು ವ್ಯಾಪಾರದ ಪುಸ್ತಕನೇ ಅಲ್ಲ ಅಂತೀರಿ. ಒಬ್ಬ ಮನುಷ್ಯಾ ಯಾಕ ಹಂಗ ಮಾತಾಡ್ತಾನ, ಯಾವುದಕ್ಕ ಖುಷಿ ಪಡ್ತಾನ, ಯಾವುದಕ್ಕ ಸಿಟ್ಟಾಗ್ತಾನ ಅಂತ ತಿಳಿಯದಾಕಿ ಏನು ವ್ಯಾಪಾರ ಮಾಡ್ತಾಳ? ನಮ್ಮ ಉತ್ತರ ಕರ್ನಾಟಕದ ಮಂದಿನೇ ಅದರ ತುಂಬ ಅದಾರ. ಹಾಂ, ಸುಧಾ ಮೂರ್ತಿಯವರ ಮಾತು ಬಂದ್ರ ಇನ್ನೊಂದು ನೆನಪಿಡ್ರಿ. 1981ರಾಗ ಇನ್ಫೋಸಿಸ್ ಶುರು ಮಾಡುವಾಗ ಗಂಡಗ ಕೊಟ್ಟ ಹತ್ತು ಸಾವಿರ ರೂಪಾಯಿ ಆಕಿ ಕೂಡಿಟ್ಟ ರೊಕ್ಕ. ಸಾಸಿವಿ ಡಬ್ಬ್ಯಾಗ, ಅಕ್ಕಿ ಡಬ್ಬ್ಯಾಗ ರೊಕ್ಕ ಮುಚ್ಚಿಡೋ ನಮ್ಮ ಬುದ್ಧಿಗೆ ಯಾರರ ನಕ್ರ ಈ ಕಥಿ ಹೇಳ್ರಿ.

ಸೋಲು ಗೆಲುವು ಎರಡೂ ಇರೋ ವ್ಯಾಪಾರದ ಕಥಿ ಬೇಕಂದ್ರ ಕ್ಯಾಪ್ಟನ್ ಗೋಪಿನಾಥರ ಆತ್ಮಕಥಿ ಐತಿ, ಕನ್ನಡದಾಗ 'ಬಾನಯಾನ' ಅಂತ ಬಂದೈತಿ. ಹಾಸನ ಜಿಲ್ಲಾ ಗೊರೂರಿನವರು, ಮಿಲಿಟರಿ ಬಿಟ್ಟು ಬಂದು ರೇಷ್ಮಿ ಬೆಳೆದ್ರು, ಕಡಿಗೆ ಸಾಮಾನ್ಯರಿಗೂ ವಿಮಾನ ಅಂತ ಏರ್ ಡೆಕ್ಕನ್ ಕಟ್ಟಿದ್ರು. 2003ರಾಗ ಅವರ ಮೊದಲ ವಿಮಾನ ಬೆಂಗಳೂರಿನಿಂದ ನಮ್ಮ ಹುಬ್ಬಳ್ಳಿಗೆ. 'ಸೂರರೈ ಪೋಟ್ರು' ಸಿನಿಮಾ ನೋಡಿದವರಿಗೆ ಕಥಿ ಗೊತ್ತೈತಿ. ಆ ಸಿನಿಮಾದಾಗ ನಾಯಕನ ಹೆಂಡತಿ ಬೇಕರಿ ನಡಸ್ತಾಳ, ನನಗಂತೂ ವಿಮಾನಕ್ಕಿಂತ ಆ ಬೇಕರಿನೇ ಹಿಡಿಸಿತು. ಬ್ಯಾಡದ ಖರ್ಚು ಕಿತ್ತು ಹಾಕಿ ದರ ಇಳಿಸೋದು ಹೆಂಗ ಅಂತ ಈ ಪುಸ್ತಕದಿಂದ ಕಲೀಬಹುದು. ಇಲ್ಲೂ ನಾನು ಒಂದು ಎಚ್ಚರಿಕಿ ಕೊಡ್ತೀನಿ: ದರ ಇಳಿಸೋದಂದ್ರ ಕೈಕೂಲಿ ಇಳಿಸೋದಲ್ಲ. ದುಬಾರಿ ಡಬ್ಬಿ ಬದಲು ಸಾದಾ ಕವರು ಹಾಕ್ರಿ, ಆಟೋ ಬದಲು ನಾಕು ಮಂದಿ ಕೂಡಿ ಒಂದೇ ಗಾಡ್ಯಾಗ ಮಾಲು ಕಳಸ್ರಿ.

ಮತ್ತೊಬ್ಬಾಕಿ ಹೆಸರು ನಮ್ಮ ಹೆಣ್ಮಕ್ಕಳಿಗೆ ಗೊತ್ತೇ ಇಲ್ಲ, ಅದು ನನಗ ಭಾಳ ಬ್ಯಾಸರ. ನಂಜನಗೂಡು ತಿರುಮಲಾಂಬ. 1887ರಾಗ ಹುಟ್ಟಿದಾಕಿ. ಎಳೇ ವಯಸ್ಸಿನಾಗ ಗಂಡನ್ನ ಕಳಕೊಂಡ್ಲು. ಆಗಿನ ಕಾಲದಾಗ ಅಂಥಾಕಿಗೆ ಮೂಲಿ ಹಿಡಿಯೋದು ಬಿಟ್ರ ಬ್ಯಾರೆ ದಾರಿ ಇರಲಿಲ್ಲ. ಈಕಿ ಮನ್ಯಾಗ ಓದಿ, ಬರದು, 1913ರಾಗ 'ಸತೀ ಹಿತೈಷಿಣಿ' ಅನ್ನೋ ಗ್ರಂಥಮಾಲಿ ಶುರು ಮಾಡಿ ತನ್ನ ಪುಸ್ತಕ ತಾನೇ ಪ್ರಕಟ ಮಾಡಿದ್ಲು. ಆಮ್ಯಾಲ ಹೆಣ್ಮಕ್ಕಳಿಗಂತ 'ಕರ್ನಾಟಕ ನಂದಿನಿ' ಪತ್ರಿಕಿ ನಡಸಿದ್ಲು. ಬರಿಯಾಕಿನೂ ಆಕಿನೇ, ಪ್ರಕಟ ಮಾಡಾಕಿನೂ ಆಕಿನೇ. ಮನಿ ಬಾಗಲಾ ದಾಟದೇ ಉದ್ಯೋಗ ಮಾಡೋದು ಈಗಿನವರು ಕಂಡು ಹಿಡಿದದ್ದಲ್ಲ ಅಂತ ತಿಳೀಬೇಕಂದ್ರ ತಿರುಮಲಾಂಬನ ಬಗ್ಗೆ ಓದ್ರಿ.

ಇನ್ನೂ ಹಿಂದಕ್ಕ ಹೋದ್ರ ನಮ್ಮ ರಾಯಚೂರು ಸೀಮಿಯ ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೇ ಶತಮಾನದ ಶರಣಿ. ಗಂಡ ಮಾರಯ್ಯ ಕಲ್ಯಾಣದಾಗ ಚೆಲ್ಲಿದ ಅಕ್ಕಿ ಆಯ್ದು ತರೋನು. ಒಂದಿನ ದಿನದ್ದಕ್ಕಿಂತ ಹೆಚ್ಚಿಗಿ ತಂದ. ಲಕ್ಕಮ್ಮ ಏನಂದ್ಲು? ಹೆಚ್ಚಿಂದು ನಮಗ್ಯಾಕ, ಎಲ್ಲಿಂದ ತಂದಿಯೋ ಅಲ್ಲೇ ಸುರಿದು ಬಾ ಅಂದ್ಲು. ಇದನ್ನ ಬರೇ ಭಕ್ತಿ ಕಥಿ ಅಂತ ಬಿಡಬ್ಯಾಡ್ರಿ. ತನ್ನ ಅಳತಿ ಎಷ್ಟು ಅಂತ ಗೊತ್ತಿರೋದು ವ್ಯಾಪಾರದಾಗೂ ದೊಡ್ಡ ಬುದ್ಧಿ. ದೀಪಾವಳಿಗೆ ಐವತ್ತು ಕೆಜಿ ಚಕ್ಕಲಿ ಆರ್ಡರ್ ಬಂತು ಅಂತ ಒಪ್ಪಿಕೊಂಡು, ಎರಡು ರಾತ್ರಿ ನಿದ್ದಿ ಬಿಟ್ಟು, ಸೊಂಟ ಹಿಡಿದು, ಗಳಿಸಿದ್ದನ್ನ ಔಷಧಿ ಅಂಗಡಿಗೆ ಕೊಡೋರು ನಮ್ಮಾಗ ಎಷ್ಟು ಮಂದಿ ಇಲ್ಲ? ಸಾಕು ಅನ್ನೋದನ್ನ ಕಲಿಸೋ ಪುಸ್ತಕ ಅಂಗಡ್ಯಾಗ ಕಮ್ಮಿ. ವಚನ ಓದ್ರಿ, ಅಲ್ಲೈತಿ.

ಡಿಸೈನ್ ಅಂದ್ರ ಬಣ್ಣ ಬಳಿಯೋದಲ್ಲ

ಡಿಸೈನ್ ಪುಸ್ತಕ ನಮಗ್ಯಾಕ ಅಂತ ಅನಸ್ತೈತಿ. ಡಾನ್ ನಾರ್ಮನ್ ಅನ್ನೋ ಅಮೆರಿಕಾದವರು 1988ರಾಗ ಬರದ ಒಂದು ಪುಸ್ತಕದಾಗ ಒಲಿ ಮಾತೇ ಐತಿ ಅಂದ್ರ ನಂಬ್ರಿ. ದಿನಾ ಬಳಸೋ ಸಾಮಾನಿನ ವಿನ್ಯಾಸದ ಬಗ್ಗೆ ಆ ಪುಸ್ತಕ. ನಾಕು ಉರಿ ಇರೋ ಒಲಿಗೆ ನಾಕು ತಿರುವಣಿ ಒಂದೇ ಸಾಲಿನಾಗ ಇಟ್ರ ಯಾವುದು ಯಾವ ಉರಿದು ಅಂತ ತಿಳಿಯಂಗಿಲ್ಲ. ತಪ್ಪು ತಿರುವಿದಾಕಿದು ತಪ್ಪಲ್ಲ, ಹಂಗ ಮಾಡಿಟ್ಟವರದ್ದು ಅಂತಾರ ಅವರು. ಮೂರು ಉರಿ ಗ್ಯಾಸ್ ಒಲಿ ಇರೋ ಮನ್ಯಾಗ ಈ ಮಾತು ಕೇಳಿದ್ರ ಎಷ್ಟು ಸಮಾಧಾನ!

ಅದೇ ಮಾತು ನಮ್ಮ ಮಾಲಿಗೂ ಹಚ್ಚಿ ನೋಡ್ರಿ. ಚಟ್ನಿಪುಡಿ ಪ್ಯಾಕೇಟು ಹರಿದ್ರ ಮತ್ತ ಮುಚ್ಚಾಕ ಬರ್ತೈತೇನು? ವಯಸ್ಸಾದ ಅತ್ತಿಗೆ ಅದರ ಮ್ಯಾಲಿನ ಅಕ್ಷರ ಕಾಣ್ತಾವೇನು? ಎಂದು ಮಾಡಿದ್ದು, ಎಂದಿನ ತನಕ ಇರತೈತಿ ಅಂತ ಬರದೈತೇನು? ಇದು ಡಿಸೈನ್. ಬಂಗಾರ ಬಣ್ಣದ ಚೀಟಿ ಅಂಟಸೋದು ಆಮ್ಯಾಲಿನ ಮಾತು.

ಇದಕ್ಕ ದೊಡ್ಡ ಉದಾಹರಣಿ ನಮ್ಮ ಸಂಡೂರಿನಾಗೇ ಐತಿ. ಲಂಬಾಣಿ ಹೆಣ್ಮಕ್ಕಳ ಕಸೂತಿ. ಕನ್ನಡಿ ಚೂರು, ಕವಡಿ, ಬಣ್ಣದ ಬಟ್ಟಿ ತುಂಡು, ಕೈಯಿಂದ ಹಾಕಿದ ದಾರ. ಮೊದಲು ತಾಂಡಾದಾಗ ತಾವು ಉಡಾಕ, ಮಗಳ ಮದುವಿಗೆ ಕೊಡಾಕ ಹಾಕ್ತಿದ್ರು. ಸಂಡೂರು ಕುಶಲ ಕಲಾ ಕೇಂದ್ರದಂಥಾ ಕಡೆ ಅದೇ ಹೊಲಿಗಿ ಚೀಲಕ್ಕ, ದಿಂಬಿನ ಕವರಿಗೆ, ಗೋಡಿಗೆ ತೂಗು ಹಾಕೋ ಬಟ್ಟಿಗೆ ಬಂತು. ಹೊಲಿಗಿ ಬದಲಾಗಲಿಲ್ಲ, ಅದು ಕುಂದ್ರೋ ಜಾಗ ಬದಲಾತು. ಊರ ಹೆಸರಿನ ಜೋಡಿ ಜಿಐ ಗುರುತೂ ಸಿಕ್ತು. 2023ರ ಜುಲೈದಾಗ ಹಂಪ್ಯಾಗ ಜಿ-20 ಸಂಸ್ಕೃತಿ ಸಭಾ ಆದಾಗ 450ಕ್ಕೂ ಹೆಚ್ಚು ಹೆಣ್ಮಕ್ಕಳು ಮಾಡಿದ 1,755 ಲಂಬಾಣಿ ಕಸೂತಿ ಸಾಮಾನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಆತು. ನಮ್ಮ ಜಿಲ್ಲಾದ ಹೆಣ್ಮಕ್ಕಳ ಸೂಜಿ ದಾರ ಲೋಕಕ್ಕೆಲ್ಲಾ ಕಂಡಿತು.

ಅಲ್ಲೂ ನನ್ನ ಪ್ರಶ್ನಿ ಬಿಡಂಗಿಲ್ಲ. ಅಂಥಾ ಒಂದು ಚೀಲ ಕೈಯಾಗ ಹಿಡಿದು "ಏನು, ಇಷ್ಟು ದರಾನಾ?" ಅಂತ ಚೌಕಾಸಿ ಮಾಡೋ ಮಂದಿನ ಹಂಪಿ ಬಜಾರಿನಾಗ ನೋಡೀನಿ. ಅವರಾಗ ನಮ್ಮವರೇ ಹೆಚ್ಚು. ಪ್ಲಾಸ್ಟಿಕ್ ಚೀಲಕ್ಕ ಮಾಲ್‌ನಾಗ ಬರದಷ್ಟು ಕೊಡ್ತೀವಿ, ಕಣ್ಣು ಸೋತು ಹೊಲದಾಕಿಗೆ ಐವತ್ತು ಕಮ್ಮಿ ಮಾಡು ಅಂತೀವಿ. ನಮ್ಮ ಕೈಕೂಲಿ ಬೇಕು ಅನ್ನೋರು ಇನ್ನೊಬ್ಬಾಕಿ ಕೈಕೂಲಿನೂ ಕೊಡಬೇಕ್ರಿ. ಹೂ ಮಾರಾಕಿ ಹತ್ರ ಮೊಳ ಅಳಿಯುವಾಗ, ಮನಿ ಕೆಲಸದಾಕಿಗೆ ಪಗಾರ ಕೊಡುವಾಗ ಈ ಮಾತು ನೆನಪಿರ್ಲಿ.

ಮಾರ್ಕೆಟಿಂಗ್ ಕಲಿಯಾಕ ಹಂಪಿಗೆ ಹೋಗ್ರಿ

ಮಾರ್ಕೆಟಿಂಗ್ ಅನ್ನೋ ಶಬ್ದ ಕೇಳಿದ್ರ ಅಂಜೋರಿಗೆ ನಾನು ಹೇಳೋದು: ಹಂಪಿ ಬಜಾರು ಒಂದು ಸಲ ವ್ಯಾಪಾರದ ಕಣ್ಣಿಂದ ನೋಡ್ರಿ. ವಿರೂಪಾಕ್ಷ ಗುಡಿ ಮುಂದ ಬಜಾರು, ಕೃಷ್ಣ ಗುಡಿ ಮುಂದ ಬಜಾರು, ವಿಠ್ಠಲ ಗುಡಿ ಮುಂದ ಬಜಾರು, ಅಚ್ಯುತರಾಯ ಗುಡಿ ಮುಂದ ಬಜಾರು. ಮಂದಿ ಕಾಲು ಎಲ್ಲಿ ಹೋಗ್ತಾವೋ ಅಲ್ಲಿ ಅಂಗಡಿ. ಕೃಷ್ಣದೇವರಾಯನ ಕಾಲದಾಗ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಲ್ಲಿ ಸಂಜಿ ಸಂತಿಯಾಗ ನಿಂಬಿ, ಕಿತ್ತಳಿ, ದ್ರಾಕ್ಷಿ ಮಾರೋದು ಬರದಿಟ್ಟಾನ. ಅವನ ಬರಹ ರಾಬರ್ಟ್ ಸಿವೆಲ್ 1900ರಾಗ ತಂದ ಪುಸ್ತಕದಾಗ ಐತಿ. ಅದನ್ನ ರಾಜರ ಕಥಿ ಅಂತ ಓದ್ತೀವಿ. ಸಂತಿ ಕಥಿ ಅಂತ ಓದಿ ನೋಡ್ರಿ, ಬ್ಯಾರೆನೇ ಕಾಣತೈತಿ.

ನಮ್ಮ ಕಾಲು ಈಗ ಎಲ್ಲಿ ಹೋಗ್ತಾವ? ಶಾಲಿ ಗೇಟು, ದವಾಖಾನಿ, ಬಸ್‌ಸ್ಟ್ಯಾಂಡು, ಮಂಗಳವಾರದ ಗುಡಿ, ಮತ್ತ ಕೈಯಾಗಿನ ಫೋನು. ಕಂಪ್ಲಿ ಕಡೆ ನಾಟಿ, ಕೊಯ್ಲು ಬಂದ್ರ ಮನಿ ಮಂದಿಗೆ ಅಡಗಿ ಮಾಡಾಕ ಹೊತ್ತಿರಂಗಿಲ್ಲ, ಆಗ ರೊಟ್ಟಿ ಚಟ್ನಿಗೆ ಗಿರಾಕಿ ತಾನೇ ಬರ್ತೈತಿ. ಹೊಸಪೇಟ್ಯಾಗ ಡ್ಯಾಮು, ಹಂಪಿ ನೋಡಾಕ ಬರೋರಿಗೆ ಒಗ್ಗರಣಿ ಮಿರ್ಚಿ ತಿಂದ ಮ್ಯಾಲ ಊರಿಗೆ ಒಯ್ಯಾಕ ಏನರ ಬೇಕು. ಯಾರಿಗೆ, ಯಾವಾಗ, ಎಲ್ಲಿ. ಮಾರ್ಕೆಟಿಂಗ್ ಅಂದ್ರ ಇಷ್ಟೇ, ಉಳಿದದ್ದು ಅದರ ಬಾಲ.

ಇನ್ನು ಮಾಲು ಹೊತ್ತು ಮಾರಾಕ ನಾಚಿಕಿ ಅನ್ನೋರು ಗಳಗನಾಥರ ಕಥಿ ಓದ್ರಿ. ಹಾವೇರಿ ಕಡೆಯವರು, ದೊಡ್ಡ ಕಾದಂಬರಿಕಾರರು. ವಿಜಯನಗರ ಬಿದ್ದ ಕಥಿ 'ಕನ್ನಡಿಗರ ಕರ್ಮಕಥೆ' ಅವರದ್ದೇ. ಅಂಥಾವರು ತಮ್ಮ ಪುಸ್ತಕದ ಗಂಟು ತಲಿ ಮ್ಯಾಲ ಹೊತ್ಕೊಂಡು ಊರೂರು ತಿರುಗಿ ಮಾರಿದ್ರು, ಕನ್ನಡ ಓದೋ ಮಂದಿನ ಹುಟ್ಟಿಸಿದ್ರು. ಅವರಿಗಿಲ್ಲದ ನಾಚಿಕಿ ಚಕ್ಕಲಿ ಡಬ್ಬಿ ಹಿಡಿದ ನಮಗ್ಯಾಕ?

ಯಾವುದನ್ನ ದೂರ ಇಡಬೇಕು

ನಮ್ಮ ಬಳಗದ ಒಬ್ಬ ಹುಡುಗಿ ಕಳೆದ ವರ್ಷ ಯಾವುದೋ ಎರಡು ದಿನದ ತರಬೇತಿಗೆ ಹನ್ನೆರಡು ಸಾವಿರ ಕಟ್ಟಿದ್ಲು. ಕೊಟ್ಟದ್ದು ಒಂದು ಬ್ಯಾಗು, ಒಂದು ಪೆನ್ನು, "ನೀನು ಲಕ್ಷಾಧಿಪತಿ ಆಗೇ ಆಗ್ತಿ" ಅನ್ನೋ ಮಾತು. ನಂಬಿದ್ರ ಆಗತೈತಿ, ನಂಬದಿದ್ರ ನಿನ್ನದೇ ದೋಷ ಅಂತ ಹೇಳಿ ಕಳಿಸಿದ್ರು. ಇಂಥಾ ಮಾತಿಗೆ ಸೋತವರು ಬಾಯಿ ಬಿಡಂಗಿಲ್ಲ, ಯಾಕಂದ್ರ ದೋಷ ತಮ್ಮದೇ ಅಂತ ಮೊದಲೇ ಒಪ್ಪಿಸಿರ್ತಾರ. ಆ ಹುಡುಗಿ ತಂದಿ ಬೈದ. ನಾನು ಹುಡುಗಿನ್ನ ಬೈಯಂಗಿಲ್ಲ. ಕಲೀಬೇಕು ಅನ್ನೋ ಆಸೆ ಇದ್ದಾಕಿಗೆ ಮೋಸ ಮಾಡಿದವರದ್ದು ತಪ್ಪು.

ಪುಸ್ತಕಕ್ಕೂ ಇದೇ ಪರೀಕ್ಷಿ ಹಚ್ರಿ. ಬಂಡವಾಳ ಎಲ್ಲಿಂದ ಬಂತು ಅಂತ ಹೇಳದ ಪುಸ್ತಕ, ಎಷ್ಟು ಸಲ ಲುಕ್ಸಾನಾತು ಅಂತ ಹೇಳದ ಪುಸ್ತಕ, ಮನ್ಯಾಗ ಯಾರು ದುಡಿದ್ರು ಅಂತ ಹೇಳದ ಪುಸ್ತಕ, ಬರೇ ಮನಸ್ಸಿದ್ರ ಸಾಕು ಅನ್ನೋ ಪುಸ್ತಕ. ಇವನ್ನ ಹೊತ್ತು ಕಳಿಯಾಕ ಓದ್ರಿ, ಸಾಲ ಮಾಡಾಕ ಓದಬ್ಯಾಡ್ರಿ.

"ಪುಸ್ತಕ ಯಾಕಬೇಕು, ನಮ್ಮವ್ವ ಯಾವ ಪುಸ್ತಕ ಓದಿ ಮನಿ ನಡಸಿದ್ಲು?" ಅಂತ ಕೇಳೋ ಹಿರಿಯಾರೂ ಅದಾರ. ಅವರ ಮಾತಿನಾಗ ಅರ್ಧ ಖರೇ ಐತಿ. ಅನುಭವಕ್ಕ ಬದಲಿ ಇಲ್ಲ. ಆದ್ರ ನಮ್ಮವ್ವ ಜೀವನಪೂರ್ತಿ ದುಡಿದ್ಲು, ಆಕಿ ದುಡಿಮಿ ಎಷ್ಟು ಅಂತ ಒಂದು ಚೀಟಿನೂ ಇಲ್ಲ. ಹೊಲದ ಪಹಣಿ ಐತಿ, ಅಪ್ಪನ ಪಗಾರದ ಚೀಟಿ ಐತಿ, ಅವ್ವನ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಬರಿಯದ ಲೆಕ್ಕಕ್ಕ ಯಾರೂ ಬೆಲಿ ಕೊಡಂಗಿಲ್ಲ ಅಂತ ಆಕಿ ಬದುಕೇ ನಮಗ ಕಲಿಸೈತಿ.

ರೊಕ್ಕ ಇಲ್ದೆ ಓದೋದು ಹೆಂಗ

ಇಷ್ಟೆಲ್ಲಾ ಪುಸ್ತಕ ಕೊಳ್ಳಾಕ ಹೋದ್ರ ಚಟ್ನಿಪುಡಿ ಗಳಿಕಿ ಅದಕ್ಕೇ ಹೋಗತೈತಿ. ಕೊಳ್ಳಬ್ಯಾಡ್ರಿ. ಊರಾಗ ಸರಕಾರಿ ಗ್ರಂಥಾಲಯ ಐತಿ, ಹಳ್ಳ್ಯಾಗ ಪಂಚಾಯ್ತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತಾರ. ಅಲ್ಲಿ ಬರೇ ಗಂಡಸರು ಪೇಪರ್ ಓದ್ತಾ ಕುಂತಿರ್ತಾರ ಅಂತ ಒಳಗ ಹೋಗಾಕ ಸಂಕೋಚ ಮಾಡ್ತೀರಿ. ಇಬ್ರು ಮೂವರು ಕೂಡಿ ಹೋಗ್ರಿ, ನಿಮ್ಮ ಹೆಸರಿನಾಗ ಕಾರ್ಡು ಮಾಡಸ್ರಿ. ಬೇಕಾದ ಪುಸ್ತಕ ಇಲ್ಲಂದ್ರ ತರಸ್ರಿ ಅಂತ ಬರದು ಕೊಡ್ರಿ, ಕೇಳೋರಿದ್ರ ತರಸ್ತಾರ. 1991ರಾಗ ಶುರುವಾದ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕ ತನ್ನದೇ ಪ್ರಸಾರಾಂಗ ಐತಿ, ನಮ್ಮ ಸೀಮಿ ಚರಿತ್ರಿ, ಕಸುಬು, ಜನಪದದ ಬಗ್ಗೆ ಬೇಕಾದಷ್ಟು ಪುಸ್ತಕ ಅಲ್ಲಿಂದ ಬಂದಾವ. ದೂರದಿಂದ ಬರೋ ಬಳಗದವರಿಗೆ ಹಂಪಿ ತೋರಸಾಕ ಹೋದಾಗ ಅಲ್ಲಿಗೂ ಒಂದು ಹೆಜ್ಜಿ ಹಾಕ್ರಿ.

ಇನ್ನು ಹೊತ್ತಿನ ಮಾತು. ಸೊಸಿ ಕೈಯಾಗ ಪುಸ್ತಕ ಕಂಡ್ರ "ಕೆಲಸ ಇಲ್ಲೇನು?" ಅನ್ನೋ ಅತ್ತ್ಯಾರಿಗೆ ಒಂದು ಮಾತು, ನಾನೂ ಅತ್ತಿ ಆಗೋ ವಯಸ್ಸಿನಾಕಿನೇ ಅಂತ ಸಲಿಗಿಯಿಂದ ಹೇಳ್ತೀನಿ. ಟಿವಿ ಧಾರಾವಾಹಿಗೆ ಅರ್ಧ ತಾಸು ಬಿಡ್ತೀವಿ. ಪುಸ್ತಕಕ್ಕೂ ಅರ್ಧ ತಾಸು ಬಿಡೋಣ. ಆಕಿ ಓದಿದ್ದನ್ನ ಜೋರಾಗಿ ಓದಾಕ ಹೇಳ್ರಿ, ನೀವು ಸೊಪ್ಪು ಸೋಸ್ತಾ ಕೇಳ್ರಿ. ಇಬ್ರಿಗೂ ಓದಿದಂಗ ಆತು.

ಸಂಘದ ಸಭಾ ವಾರಕ್ಕೊಮ್ಮೆ ಹೆಂಗೂ ಆಗತೈತಿ. ಕಂತು ಕಟ್ಟಿ, ಸಹಿ ಮಾಡಿ, ಎದ್ದು ಬರ್ತೀವಿ. ಅದರಾಗ ಹದಿನೈದು ನಿಮಿಷ ತೆಗೆದಿಟ್ಟು ಒಬ್ಬಾಕಿ ತಾನು ಓದಿದ್ದು ಹೇಳಬೇಕು, ಇನ್ನೊಬ್ಬಾಕಿ ತನ್ನ ನೋಟ್‌ಬುಕ್ಕಿನ ಲೆಕ್ಕ ಓದಬೇಕು: ಇಷ್ಟು ಖರ್ಚು, ಇಷ್ಟು ತಾಸು, ಇಷ್ಟು ಕೈಕೂಲಿ. ಹತ್ತು ಮಂದಿ ಲೆಕ್ಕ ಒಂದೇ ಕಡೆ ಕೂಡಿದ ದಿನ ರೊಟ್ಟಿ ದರ 6ರಿಂದ 8ಕ್ಕ ಏರಸಾಕ ಯಾರನ್ನೂ ಬೇಡೋದು ಬೇಕಾಗಿಲ್ಲ. ಹತ್ತೂ ಮಂದಿ ಕೂಡಿ 8 ಅಂದ್ರ ಅಂಗಡಿಯವ ಎಲ್ಲಿಗೆ ಹೋಗ್ತಾನ?

ಇವತ್ತೇ ಒಂದು ನೋಟ್‌ಬುಕ್ಕು ತರಸ್ರಿ. ಮೊದಲ ಪುಟದಾಗ ನಿಮ್ಮ ಹೆಸರು ಬರೀರಿ, ಇಂಥಾವರ ಹೆಂಡತಿ ಅಂತಲ್ಲ, ನಿಮ್ಮದೇ ಹೆಸರು. ಎರಡನೇ ಪುಟದಾಗ ಇವತ್ತು ದುಡಿದ ತಾಸು ಬರೀರಿ. ಆಮ್ಯಾಲ ಯಾವ ಪುಸ್ತಕ ಓದ್ಲಿ ಅಂತ ಫೋನ್ ಮಾಡ್ರಿ, ಕುಂತು ಮಾತಾಡೋಣ.